ಕಾಲು ಮುಂದಾಗಿ ಹುಟ್ಟಿದವಳು

ನೆಲೋಗಿಯಲ್ಲಿ ಯಾರಿಗಾದರೂ ಸೊಂಟ ಉಳುಕಿದರೆ ಮೊದಲು ನೆನಪಾಗುವುದು ದವಾಖಾನೆಯಲ್ಲ, ನಮ್ಮ ಮನೆಯ ಶಾಂಭವಿ. ಕಾಲು ಮುಂದಾಗಿ ಹುಟ್ಟಿದವರು ನೋವಿದ್ದ ಕಡೆ ಪಾದ ತಾಗಿಸಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆಯವರ ನಂಬಿಕೆ. ಶಾಂಭವಿ ಹಾಗೆಯೇ ಹುಟ್ಟಿದಳು. ತಲೆ ಹೊರಬರುವುದು ತಡವಾಗಿ ಕೂಸಿಗೆ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಯಿತು, ಮುಂದೆ ಆ ಕಾಲು ನೆಲಕ್ಕೆ ಊರಲೇ ಇಲ್ಲ. ನಡೆಯಲು ಬಾರದ ಕಾಲಿನಿಂದ ಊರವರ ಸೊಂಟ ನೆಟ್ಟಗಾಗಬೇಕಂತೆ. ದೇವರಿಗೆ ಇಂಥ ಚೇಷ್ಟೆ ಯಾಕೆ ಬೇಕಿತ್ತೋ, ನನಗಂತೂ ಸಿಟ್ಟೇ ಬರುತ್ತದೆ.

ಹುಡುಗಿಗೆ ಮಾತ್ರ ಅದೇ ದೊಡ್ಡಸ್ತಿಕೆ. ಬಂದವರು ಅಂಗಳದಲ್ಲಿ ಬೋರಲು ಮಲಗುತ್ತಿದ್ದರು. ಅವಳ ತಾಯಿ, ಅಂದರೆ ನನ್ನ ಮೈದುನನ ಹೆಂಡತಿ ಶೈಲಶ್ರೀ, ಮಗಳನ್ನು ಎತ್ತಿ ಹಿಡಿದು ಪಾದ ತಾಗಿಸುತ್ತಿದ್ದಳು. "ಹಗುರ ಆತೇನ್ರಿ?" ಎಂದು ಶಾಂಭವಿ ಗತ್ತಿನಿಂದ ಕೇಳುತ್ತಿದ್ದಳು. ಆಗಲಿಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಶಾಲೆಗೂ ಮಠಕ್ಕೂ ಅವಳು ಹೋಗುತ್ತಿದ್ದುದು ತಾಯಿಯ ಬಲ ಸೊಂಟದ ಮೇಲೆಯೇ. ಗಾಲಿಕುರ್ಚಿಯೊಂದು ಇದೆ, ಆದರೆ ಮಳೆ ಬಿದ್ದರೆ ಓಣಿಯ ಎರೆಮಣ್ಣು ಅದರ ಗಾಲಿ ಹಿಡಿದು ಬಿಡುವುದಿಲ್ಲ. ಒಂಬತ್ತು ವರ್ಷದ ಹುಡುಗಿ, ಎಷ್ಟು ಬಡಕಲಾದರೂ ಭಾರ ಭಾರವೇ.

ಹೋದ ವರ್ಷ ಶೈಲಶ್ರೀಗೇ ಸೊಂಟ ಹಿಡಿಯಿತು. ಬಲ ಮಗ್ಗುಲಿಗೆ ಮಲಗಲು ಆಗದು, ಮೆಟ್ಟಿಲು ಹತ್ತಲು ಆಗದು. ಮೈದುನ ಅನೀಲಕುಮಾರ ಜೇವರ್ಗಿಗೆ ಕರೆದೊಯ್ದು ಬೆನ್ನಿನ ಫೋಟೋ ತೆಗೆಸಿದ. ನರ ಒತ್ತಿದೆ ಎಂದು ಬೆಲ್ಟು ಕಟ್ಟಿದರು, ಗುಳಿಗೆ ಕೊಟ್ಟರು. ನೋವು ಜಪ್ಪಯ್ಯ ಅಂದರೂ ಕದಲಲಿಲ್ಲ.

"ನಾ ಇರೂತನಕ ಗುಳಿಗಿ ಯಾಕ ನುಂಗ್ತಿ ಬೇ ಅವ್ವಾ" ಎಂದಳು ಶಾಂಭವಿ. ಅಂದಿನಿಂದ ದಿನಾ ಬೆಳಿಗ್ಗೆ ಶೈಲಶ್ರೀ ಎಡ ಮಗ್ಗುಲಾಗಿ ಮಲಗುವುದು, ನಾನು ಹುಡುಗಿಯನ್ನು ಹಿಡಿಯುವುದು, ಅವಳು ಕಣ್ಣು ಮುಚ್ಚಿ ಪಾದ ಇಡುವುದು. "ಕಡಿಮಿ ಆಗ್ಯಾದವಾ" ಎಂದು ತಾಯಿ ಸುಳ್ಳು ಹೇಳುವುದು, ಎದ್ದವಳೇ ಮಗಳನ್ನು ಅದೇ ಸೊಂಟಕ್ಕೇರಿಸಿಕೊಂಡು ಶಾಲೆಗೆ ಹೊರಡುವುದು.

ಕೊನೆಗೆ ಕಲಬುರಗಿಗೆ ಹೋದೆವು. ಶಾಂಭವಿ ಹಟ ಮಾಡಿ ಜೊತೆಗೆ ಬಂದಳು. ಡಾಕ್ಟರ್ ಜಸ್ಮೀನ ಬೆನ್ನಿನ ಫೋಟೋ ನೋಡಿ ಬದಿಗಿಟ್ಟು, "ಬ್ಯಾನಿ ಎಲ್ಲದ, ಒಂದು ಬೆರಳಲೆ ತೋರಸ್ರಿ" ಎಂದರು. ಶೈಲಶ್ರೀ ಸೊಂಟದ ಬದಿಗೆ ಉಬ್ಬಿದ ಎಲುಬನ್ನು ತೋರಿಸಿದಳು. ಅಲ್ಲಿ ಒತ್ತಿದಾಗ ಹಲ್ಲು ಕಚ್ಚಿದಳು. ಬಲಗಾಲೊಂದರ ಮೇಲೆ ನಿಲ್ಲಿಸಿದರೆ ಆ ಮಗ್ಗುಲಿಗೆ ಹಿಡಿತ ಸಾಲದೆ ಎಡ ಸೊಂಟ ಕೆಳಗೆ ಕುಸಿಯಿತು. ಆಮೇಲೆ ಸ್ಕ್ಯಾನ್ ಮಾಡಿದರು.

"ಇದು ಬೆನ್ನಿಂದಲ್ರಿ. ಸೊಂಟದ ಸ್ನಾಯು ಎಲುಬಿಗಿ ಹತ್ತಿದ ಜಾಗಾದಾಗ ಒಂದು ಹುರಿ ಇರ್ತದ, ಅದು ಅರ್ಧ ಹರದದ. ಹಿಂಗ ಆಗೂದು ಕಡಿಮಿ, ಅದಕ್ಕ ಯಾರಿಗೂ ಹೊಳದಿಲ್ಲ. ಈ ಕಡಿ ಭಾರ ಏನರ ಹೊರ್ತೀರೇನು?"

ಶೈಲಶ್ರೀ ನೆಲ ನೋಡುತ್ತ ಸೆರಗು ಸರಿಮಾಡಿಕೊಂಡಳು.

"ನನ್ನ ಹೊರ್ತಾಳ್ರಿ" ಎಂದಳು ಶಾಂಭವಿ.

ಡಾಕ್ಟರರ ಮುಖ ಸಣ್ಣದಾಯಿತು. "ನಿಂದೇನೂ ತಪ್ಪಿಲ್ಲ ಬೇಟಾ" ಎಂದು ಅವಳ ಕೆನ್ನೆ ಸವರಿದರು. ಆಪರೇಷನ್ ಬೇಡ, ಗೋಡೆ ಹಿಡಿದು ಮಾಡುವ ವ್ಯಾಯಾಮ ತಿಂಗಳುಗಟ್ಟಲೆ ಮಾಡಬೇಕು, ಆ ಮಗ್ಗುಲಿಗೆ ಮಲಗಬಾರದು ಎಂದರು. ಹುಡುಗಿಯನ್ನು ಸೊಂಟಕ್ಕೆ ಏರಿಸಿಕೊಳ್ಳುವುದು ಬಿಡಲೇಬೇಕು ಎನ್ನುವಾಗ ಅವರ ದನಿ ತೀರ ಇಳಿದಿತ್ತು. ಆದರೂ ಶಾಂಭವಿಗೆ ಕೇಳಿಸಿತು.

ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲಿದ್ದಳು. "ದೊಡ್ಡವ್ವಾ, ನಾ ಕಾಲ ಇಟ್ಟಾಗ ಅವ್ವಗ ಇನ್ನೂ ನೋಯ್ತಿತ್ತೇನು?" ಇಲ್ಲ ಎಂದೆ. ಅವಳು ನನ್ನ ಮುಖ ನೋಡಿ ಕಿಟಕಿಯತ್ತ ತಿರುಗಿದಳು.

ಆ ವಾರವೇ ಕೊಳಕೂರಿನಿಂದ ಬೀಬಿಜಾನ ಸೊಂಟ ಹಿಡಿದುಕೊಂಡು ಬಂದಳು. ಶಾಂಭವಿ ಕೌದಿಯನ್ನು ಕಾಲ ಮೇಲೆ ಎಳೆದುಕೊಂಡು, "ನನ್ನ ಕಾಲಾಗ ಏನೂ ಇಲ್ರಿ. ದವಾಖಾನಿಗಿ ಹೋಗ್ರಿ" ಎಂದಳು. ಅವಳು ಆಡಿದ್ದು ಸರಿಯಾದ ಮಾತೇ. ಆದರೆ ಅದನ್ನು ಆ ಬಾಯಿಂದ ಕೇಳುವ ದಿನ ಬರಬಾರದಿತ್ತು.

ಶೈಲಶ್ರೀ ಹಟ ಹಿಡಿದು ವ್ಯಾಯಾಮ ಮಾಡಿದಳು. ಮಗಳನ್ನು ಮತ್ತೆ ಎತ್ತಿಕೊಳ್ಳಬೇಕೆಂಬುದೊಂದೇ ಅವಳ ಆಸೆ. ಅಲ್ಲಿಯವರೆಗೆ ಅನೀಲಕುಮಾರ ಬೈಕಿನ ಮೇಲೆ ಹುಡುಗಿಯನ್ನು ಶಾಲೆಗೆ ಬಿಡುತ್ತಿದ್ದ, ಅವನಿಗೆ ಆಗದ ದಿನ ಅವಳು ಮನೆಯಲ್ಲೇ ಉಳಿಯುತ್ತಿದ್ದಳು. ಜೋಳದ ರಾಶಿ ಮುಗಿಯುವ ಹೊತ್ತಿಗೆ ಶೈಲಶ್ರೀ ಒಂಟಿಗಾಲ ಮೇಲೆ ನೆಟ್ಟಗೆ ನಿಂತಳು. ಸೊಂಟಕ್ಕೆ ಬೇಡ, ಎದೆಗವಚಿ ಸ್ವಲ್ಪ ದೂರ ಎತ್ತಿಕೊಳ್ಳಬಹುದು ಎಂದು ಡಾಕ್ಟರರು ಒಪ್ಪಿದರು.

ಅಂದು ಕಲಬುರಗಿಯ ಬಸ್ಸಿಳಿದ ಶೈಲಶ್ರೀ ಹೆಚ್ಚುಕಡಿಮೆ ಓಡುತ್ತ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಹೊರಸಿನ ಮೇಲಿದ್ದ ಮಗಳತ್ತ ಎರಡೂ ಕೈ ಚಾಚಿದಳು.

"ಬಾ ನನ್ನವ್ವ. ಮಠಕ್ಕ ಹೋಗಮು. ನನಗೀಗ ಏನೂ ಆಗೂದಿಲ್ಲ."

ಶಾಂಭವಿ ಕೈ ಎತ್ತಲಿಲ್ಲ. ಹೊರಸಿನ ಹಗ್ಗದಲ್ಲಿ ಬೆರಳು ಸಿಕ್ಕಿಸಿ ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ ಬೇ ಅವ್ವಾ. ನಾ ಇಲ್ಲೇ ಚಲೋ ಇದ್ದೇನಿ. ನೀ ಹೋಗಿ ಬಾ."

ಶೈಲಶ್ರೀ ಬೇಡಿಕೊಂಡಳು, ಗದರಿದಳು, ಬೆರಳು ಬಿಡಿಸಲು ನೋಡಿದಳು. ಆ ಸಣ್ಣ ಕೈಗೆ ಅಷ್ಟು ಬಲ ಎಲ್ಲಿತ್ತೋ. ಇಡೀ ವರ್ಷ ನೋವಿಗೆ ಒಂದು ಹನಿ ಕಣ್ಣೀರು ಹಾಕದವಳು ನೆಲಕ್ಕೆ ಕುಸಿದು ಕೂತು ನನ್ನ ಕಡೆ ತಿರುಗಿದಳು.

"ಅಕ್ಕಾ, ಆ ಬ್ಯಾನಿನೇ ಚಲೋ ಇತ್ತು."