ಆರು ಬಾಸ್, ಇಪ್ಪತ್ತೆರಡು ಸೆಕೆಂಡು

ಆ ಧ್ವನಿಮುದ್ರಿಕೆಯಲ್ಲಿ ಹನ್ನೊಂದು ನಿಮಿಷ ಕಳೆದ ಮೇಲೆ ಒಂದು ಜಾಗ ಬರುತ್ತದೆ. ಪಿಟೀಲುಗಳು ನಿಲ್ಲುತ್ತವೆ, ಕೊಳಲುಗಳು ನಿಲ್ಲುತ್ತವೆ, ಇಡೀ ವಾದ್ಯವೃಂದ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಪಿಟೀಲಿನ ವಂಶದ ಅತಿ ದೊಡ್ಡ, ಅತಿ ಕೆಳದನಿಯ ವಾದ್ಯಗಳಾದ ಆರು ಡಬಲ್ ಬಾಸ್‌ಗಳು ಮಾತ್ರ ತೀರ ಮೆಲ್ಲಗೆ ಇಪ್ಪತ್ತೆರಡು ಸೆಕೆಂಡು ನುಡಿಯುತ್ತವೆ.

ಆ ಆರರಲ್ಲಿ ಒಂದು ಆಕೆಯದು. ಮೂವತ್ತೊಂದು ವರ್ಷ ಅದೇ ವಾದ್ಯವೃಂದದ ಹಿಂದಿನ ಸಾಲಿನ ತುದಿಯಲ್ಲಿ, ತನಗಿಂತ ಎತ್ತರದ ವಾದ್ಯವನ್ನು ಭುಜಕ್ಕಾನಿಸಿಕೊಂಡು ನಿಂತು ಕಳೆದ ವರ್ಷ ನಿವೃತ್ತಳಾದವಳು. ಮನೆಯಲ್ಲಿ ಆ ಜಾಗ ಬಂದಾಗ ಕೇಳುತ್ತಿದ್ದದ್ದು ಇಷ್ಟೇ: ಬಿಲ್ಲು ತಂತಿಯನ್ನು ಉಜ್ಜುವ ಸದ್ದು, ಅದರ ಹಿಂದೆ ತಗಡಿನ ಡಬ್ಬಿಗೆ ಸಿಕ್ಕಿಕೊಂಡ ನೊಣದಂಥ ತೆಳ್ಳನೆಯ ಗುಂಯ್. ಸ್ವರಕ್ಕೆ ಮೈಯೇ ಇರಲಿಲ್ಲ.

ತಪ್ಪು ಮುದ್ರಿಕೆಯದಲ್ಲ, ಸ್ಪೀಕರುಗಳದು. ಹಾಲ್‌ನಲ್ಲಿದ್ದ ಆ ಜೋಡಿ ಹಾರ್ನ್ ಸ್ಪೀಕರುಗಳನ್ನು ಗಂಡ ಕೈಯಾರೆ ಕಟ್ಟಿದ್ದ. ಆತ ಬಡಗಿ. ಪ್ಲೈವುಡ್ ಹಲಗೆಗಳನ್ನು ಸೀಳಿ, ಬಾಗಿಸಿ, ಅಂಟಿಸಿ, ನಾಲ್ಕು ವರ್ಷ ತೆಗೆದುಕೊಂಡು ಮುಗಿಸಿದ ಕೆಲಸ. ಒಂದೊಂದರ ಬಾಯಿ ಬಾಗಿಲಿನಷ್ಟು ಅಗಲ. ಒಳಗೆ ಕಹಳೆ ಹಾವಿನಂತೆ ಸುತ್ತಿ ಮಡಚಿಕೊಂಡಿತ್ತು. ಹಾಡುವವರ ಉಸಿರು, ಪಿಟೀಲಿನ ತಂತಿ, ತಾಳದ ಅಂಚು ಎಲ್ಲವೂ ಎದುರಿಗೇ ಇದ್ದಂತೆ ಕೇಳುತ್ತಿದ್ದವು. ಆದರೆ ಸೆಕೆಂಡಿಗೆ ಎಪ್ಪತ್ತು ಕಂಪನಕ್ಕಿಂತ ಕೆಳಗಿನದ್ದು ಅದರ ಬಾಯಿಂದ ಬರುತ್ತಿರಲಿಲ್ಲ. ಬಾಸ್‌ನ ಅತಿ ಕೆಳಗಿನ ತಂತಿ ನಲವತ್ತೊಂದರಲ್ಲಿ ನುಡಿಯುತ್ತದೆ. ಅದನ್ನು ನುಡಿಸಬಲ್ಲ ಹಾರ್ನ್ ಬೇಕೆಂದರೆ ಮನೆ ಬಿಟ್ಟುಕೊಟ್ಟು ದಂಪತಿ ಬೀದಿಯಲ್ಲಿ ಮಲಗಬೇಕು.

ಆಕೆಗೆ ಇನ್ನೊಂದು ವಿಷಯ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನವರು ಕೂದಲೆಳೆಯಷ್ಟು ಮುಂಚೆ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಅವರ ನಾದ ಮುಂದಿನವರದ್ದಕ್ಕಿಂತ ತಡವಾಗಿ ಸಭಿಕರನ್ನು ಮುಟ್ಟುತ್ತದೆ. ಈ ಮುದ್ರಣ ನಡೆದದ್ದು ಚಿಕ್ಕ ಸ್ಟುಡಿಯೊದಲ್ಲಿ, ಮೈಕುಗಳು ಎಲ್ಲರ ಎದುರಿಗೇ ಇದ್ದವು. ಉಳಿದ ಐವರು ಹಳೆಯ ಅಭ್ಯಾಸ ಬಿಟ್ಟರು. ಆಕೆಯ ಕೈ ಬಿಡಲಿಲ್ಲ. ನಾಲ್ಕನೆಯ ಸ್ವರಕ್ಕೆ ಒಂದು ಚೂರು ಮೊದಲೇ ಬಂದಳು. ವಾದ್ಯವೃಂದದ ನಿರ್ದೇಶಕ ಹುಬ್ಬೇರಿಸಿದ, ಉಳಿದದ್ದು ಚೆನ್ನಾಗಿದೆ ಎಂದು ಹಾಗೇ ಬಿಟ್ಟ. ಮೂವತ್ತೊಂದು ವರ್ಷದ ಮುದ್ರಿಕೆಗಳಲ್ಲಿ ಆಕೆಯನ್ನು ಉಳಿದ ಐವರಿಂದ ಬೇರೆಯಾಗಿ ಗುರುತಿಸಬಹುದಾದ ಜಾಗ ಅದೊಂದೇ. ಹೆಡ್‌ಫೋನಿನಲ್ಲಿ ಅದು ಕೇಳುತ್ತಿತ್ತು. ಗಂಡನ ಪಕ್ಕ ಕೂತು ಹಾಲ್‌ನಲ್ಲಿ ಕೇಳಿದರೆ ಇರಲೇ ಇಲ್ಲ.

"ರೀ, ಕೆಳಗಿನ ಸ್ವರಕ್ಕೆ ಅಂತ್ಲೇ ಇರೋ ಸ್ಪೀಕರು ಬರುತ್ತಲ್ಲ, ಸಬ್‌ವೂಫರ್, ಅದನ್ನ ತರೋಣ," ಎಂದಳು ಒಂದು ಬೆಳಿಗ್ಗೆ.

ಬಡಗಿ ಪತ್ರಿಕೆ ಕೆಳಗಿಟ್ಟ. "ಹಾರ್ನ್ ಜೊತೆಗೆ ಡಬ್ಬಾನಾ? ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಒಂದೇ ನೊಗಕ್ಕೆ ಬಗ್ಗಲ್ಲ ಕಣೇ."

"ಬಗ್ಗಿಸೋಣ."

"ಅಷ್ಟು ಕೆಳಗಿಂದು ಯಾರು ಕೇಳ್ತಾರೆ?"

"ಮೂವತ್ತೊಂದು ವರ್ಷ ನಾನು ನಿಂತಿದ್ದೇ ಅಲ್ಲಿ. ಈ ಮನೇಲಿ ಎಲ್ಲರೂ ಕೇಳಿಸ್ತಾರೆ, ನಾನೊಬ್ಬಳು ಬಿಟ್ಟು."

ನಾಲ್ಕು ವರ್ಷದ ಕೆಲಸ ಅರ್ಧ ಮಾತ್ರ ಆಗಿದೆ ಎಂದು ಹೆಂಡತಿ ಹೇಳಿದಂತೆ ಆತನಿಗೆ ಕೇಳಿಸಿತ್ತು. ಸಂಜೆಯ ಹೊತ್ತಿಗೆ ಷರತ್ತು ಹಾಕಿದ. ಅಂಗಡಿಯವರು ಹದಿನಾಲ್ಕು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತಾರೆ. ಹದಿನಾಲ್ಕನೆಯ ದಿನ ತಾನು ಕಣ್ಣು ಕಟ್ಟಿಕೊಂಡು ಕೂರುತ್ತೇನೆ. ಸದ್ದು ಡಬ್ಬದಿಂದ ಬರುತ್ತಿದೆ ಎಂದು ಬೆರಳು ತೋರಿಸಲು ಆದರೆ ಡಬ್ಬ ವಾಪಸು, ಆಮೇಲೆ ಆ ಮಾತು ಈ ಮನೆಯಲ್ಲಿ ಏಳಬಾರದು. ಡಬ್ಬ ಬಿಟ್ಟು ಬೇರೆ ಯಂತ್ರ ಗಿಂತ್ರ ಒಳಗೆ ಬರಬಾರದು.

"ಆಗಲಿ," ಎಂದಳು ಆಕೆ. ಚೌಕಾಸಿ ಮಾಡಲಿಲ್ಲ.

ಅಂಗಡಿಯ ಮಾರಾಟಗಾರ ಮೊದಲು ತೋರಿಸಿದ್ದು ಮೊಣಕಾಲೆತ್ತರದ, ಹದಿನೆಂಟು ಇಂಚಿನ ಒಂದು ಪೆಟ್ಟಿಗೆ. ಮುಂದೆ ಮುಷ್ಟಿ ಹೋಗುವಷ್ಟು ತೂತು.

"ಇದು ಹಾಕಿದ್ರೆ ಎದೆ ನಡುಗುತ್ತೆ ಮೇಡಂ. ಪಕ್ಕದ ಮನೆಯವ್ರೂ ಥ್ಯಾಂಕ್ಸ್ ಹೇಳ್ತಾರೆ."

"ನನ್ನ ಎದೆ ಆಗ್ಲೇ ಸಾಕಷ್ಟು ನಡುಗಿದೆಯಪ್ಪ. ಇದನ್ನ ಹಾಕು," ಎಂದು ಆಕೆ ತಾನು ತಂದಿದ್ದ ಮುದ್ರಿಕೆ ಕೊಟ್ಟಳು. ಬಾಸ್ ತಂತಿಯನ್ನು ಬೆರಳಿನಿಂದ ಮೀಟಿ, ಕೂಡಲೇ ಅಂಗೈಯಿಂದ ಅದುಮಿ ನಿಲ್ಲಿಸುವ ಭಾಗವದು. ತಂತಿ ನಿಂತ ಮೇಲೂ ಪೆಟ್ಟಿಗೆ ಹೂಂ ಎನ್ನುತ್ತಲೇ ಇತ್ತು. ಆಕೆ ಅದರ ಪಕ್ಕೆಗೆ ಕೈಯಿಟ್ಟು, ನಡುಕ ನಿಲ್ಲಲು ಎಷ್ಟು ಹೊತ್ತು ಬೇಕೆಂದು ಎಣಿಸಿದಳು.

"ನಾನು ನಿಲ್ಲಿಸಿದ್ರೂ ಇದು ನಿಲ್ಲಿಸಲ್ಲ. ಮಾತು ಮುಗಿದ್ರೂ ತಲೆ ಆಡಿಸ್ತಾ ಕೂತಿರೋ ಮುದುಕನ ಹಾಗಿದೆ."

ಮಾರಾಟಗಾರ ನಕ್ಕು, ತೂತಿಲ್ಲದ, ಎಲ್ಲ ಕಡೆ ಮುಚ್ಚಿದ ಹನ್ನೆರಡು ಇಂಚಿನ ಪೆಟ್ಟಿಗೆ ಜೋಡಿಸಿದ. ಸದ್ದು ಚಿಕ್ಕದು, ಆದರೆ ತಂತಿಯ ಜೊತೆಗೇ ಹುಟ್ಟಿ ತಂತಿಯ ಜೊತೆಗೇ ಸಾಯುತ್ತಿತ್ತು. ಆಕೆ ಐದು ಸಲ ಕೇಳಿದಳು.

"ಆದ್ರೆ ಮೇಡಂ, ನಿಮ್ಮನೇಲಿರೋದು ಹಾರ್ನ್ ಅಂದ್ರಿ. ಅದು ಪಿಸುಮಾತಿನಷ್ಟು ವಿದ್ಯುತ್ ಕೊಟ್ರೂ ಕೂಗುತ್ತೆ. ಅದರ ಸಮಕ್ಕೆ ಇದೊಂದೇ ಓಡೋಕೆ ಹೋದ್ರೆ ಏದುಸಿರು ಬಿಡುತ್ತೆ."

"ಅದಕ್ಕೇ ಎರಡು ಕೊಡು."

ಎರಡು ಬಂದವು. ಒಂದೊಂದು ಮೂವತ್ತು ಕಿಲೊ. ಜೋಡಿ ಅಂದರೆ ಜೋಡಿಯಾಗಿಯೇ ನಿಲ್ಲಬೇಕು ಎಂದು ಬಡಗಿ ಅಳತೆಪಟ್ಟಿ ಹಿಡಿದು ಅಳೆದು, ಹಾರ್ನ್‌ಗಳ ಬಾಯಿಗೆ ಸಮನಾಗಿ ಆ ಕಡೆಗೊಂದು ಈ ಕಡೆಗೊಂದು ಇಟ್ಟ. ಕಣ್ಣಿಗೆ ಚೆನ್ನಾಗಿತ್ತು. ಪೆಟ್ಟಿಗೆಗಳು ಬಂದ ರಟ್ಟಿನ ಡಬ್ಬಗಳನ್ನು ಎಸೆಯಲು ಬಿಡದೆ ಜೋಪಾನವಾಗಿ ಎತ್ತಿಟ್ಟ. "ವಾಪಸು ಕಳಿಸುವಾಗ ಬೇಕಾಗುತ್ತೆ," ಎಂದ.

ಮುದ್ರಿಕೆ ಹಾಕಿದರು. ಹನ್ನೊಂದು ನಿಮಿಷ ಕಳೆಯಿತು. ಮೊದಲ ಸ್ವರ ಗೋಡೆಯನ್ನೇ ತಳ್ಳುವಂತೆ ಉಬ್ಬಿಕೊಂಡು ಬಂತು. ಎರಡನೆಯದು ಬರಲೇ ಇಲ್ಲ. ಡಬ್ಬ ಇಲ್ಲದಾಗ ತೆಳ್ಳಗಾದರೂ ಕೇಳುತ್ತಿದ್ದ ಸ್ವರ ಈಗ ಪೂರ್ತಿ ಮಾಯ. ಆಕೆ ಡಬ್ಬಗಳ ಸದ್ದು ಹೆಚ್ಚಿಸಿದಳು. ಮೊದಲನೆಯದು ಇನ್ನಷ್ಟು ಉಬ್ಬಿತು, ಎರಡನೆಯದು ಹಾಗೇ ಕಾಣೆ.

"ಇದ್ದದ್ದನ್ನೂ ಕಳಕೊಂಡ್ವಿ," ಎಂದ ಬಡಗಿ. ಮುಖದಲ್ಲಿ ದುಃಖದ ಸುಳಿವೇನೂ ಇರಲಿಲ್ಲ.

ಡಬ್ಬದ ಹಿಂದೆ ಒಂದು ಗುಂಡಿ ಇತ್ತು, ಡಬ್ಬ ಗಾಳಿಯನ್ನು ನೂಕುವ ಹೊತ್ತಿನಲ್ಲಿ ಎಳೆಯುವಂತೆ ತಿರುವುಮುರುವು ಮಾಡುವಂಥದ್ದು. ತಿರುಗಿಸಿದರೆ ಎರಡನೆಯ ಸ್ವರ ಮರಳಿತು, ಆದರೆ ಮೇಲಿನ ಸ್ವರಗಳ ಅಂಚು ಮಬ್ಬಾಯಿತು. ಆಕೆ ಮೊದಲಿದ್ದಲ್ಲಿಗೇ ತಿರುಗಿಸಿಟ್ಟಳು.

ಐದನೆಯ ದಿನ ನಾದಿನಿ ಬಂದಾಗ ಕಂಡ ದೃಶ್ಯ ಹೀಗಿತ್ತು: ಅಣ್ಣನ ಕುರ್ಚಿಯ ಮೇಲೆ ಡಬ್ಬ ಕೂತಿದೆ, ಅದರಿಂದ ಬಾಸ್ ಹೊಮ್ಮುತ್ತಿದೆ, ಅರವತ್ತು ದಾಟಿದ ಅತ್ತಿಗೆ ಅಂಬೆಗಾಲಿಟ್ಟುಕೊಂಡು ಗೋಡೆಯಂಚಿನಲ್ಲಿ ಹೋಗುತ್ತಿದ್ದಾಳೆ.

"ಓಲೆ ಬಿದ್ದೋಯ್ತಾ ಅತ್ತಿಗೆ?"

"ಶ್ಶ್. ಜಾಗ ಹುಡುಕ್ತಿದ್ದೀನಿ. ಕೂತು ಕೇಳೋ ಜಾಗದಲ್ಲಿ ಡಬ್ಬ ಇಡಬೇಕು, ಡಬ್ಬ ಇಡೋ ಜಾಗದಲ್ಲಿ ನಾವು ಕಿವಿ ಇಡಬೇಕು. ಎಲ್ಲಿ ಎಲ್ಲ ಸ್ವರವೂ ಒಂದೇ ಸಮ ಕೇಳುತ್ತೋ ಅಲ್ಲೇ ಅದನ್ನ ಇಡೋದು. ಅಂಗಡಿಯವನು ಹೇಳಿಕೊಟ್ಟ."

"ಅಣ್ಣ ಯಾಕೆ ಅಂಬೆಗಾಲು ಹಾಕ್ತಿಲ್ಲ?"

"ನನ್ನ ಮಂಡಿ ಷರತ್ತಿನಲ್ಲಿ ಸೇರಿಲ್ಲ," ಎಂದ ಬಡಗಿ ಬಾಗಿಲ ಬಳಿಯಿಂದ.

ನಾದಿನಿ ಸರ್ವೆಯರ್. ಜಮೀನಿನ ಗಡಿ ಅಳೆಯುವವಳಿಗೆ ಕೈಕಟ್ಟಿ ಕೂರುವುದು ಗೊತ್ತಿಲ್ಲ. ಕೈಚೀಲ ಪಕ್ಕಕ್ಕಿಟ್ಟು ತಾನೂ ನೆಲಕ್ಕಿಳಿದಳು. ಇಬ್ಬರೂ ಹಾಲ್ ಪೂರ್ತಿ ಹರಿದಾಡಿದರು. ಒಂದು ಮೂಲೆಯಲ್ಲಿ ಗುಡುಗು, ಕಿಟಕಿಯ ಕೆಳಗೆ ಬರೀ ಪಿಸುಮಾತು. ಹಾರ್ನ್‌ಗಳ ನಡುವಿನ ಅಗಲವಾದ ತೆರವು ದಾಟಿದರೆ ಬಡಗಿಯ ಕೆಲಸದ ಕೋಣೆ, ನಡುವೆ ಬಾಗಿಲಿಲ್ಲ. ನಾದಿನಿ ಅಲ್ಲಿಗೂ ಹೋಗಿ, ಬೆಂಚಿನ ಕೆಳಗೆ ತಲೆ ತೂರಿಸಿ, "ಇಲ್ಲಿ ಎಲ್ಲ ಸರಿಸಮ ಅತ್ತಿಗೆ!" ಎಂದು ಕೂಗಿದಳು.

"ಅದು ನನ್ನ ಬೆಂಚು," ಎಂದ ಬಡಗಿ. "ಕೆಳಗಿರೋದು ನನ್ನ ಮರದ ತುಂಡುಗಳು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇವೆ."

ಮರೆಯಲ್ಲಿ ಡಬ್ಬ ಇಟ್ಟು, ಮುಂದೆ ಹಾರ್ನ್ ನಿಲ್ಲಿಸಿದರೆ ಸದ್ದು ಹೇಗೆ ಬರುತ್ತದೆ ಎಂದು ಆಕೆಗೂ ಆಗ ಅನ್ನಿಸಿತು. ಮಾತು ಅಲ್ಲಿಗೇ ನಿಂತಿತು. ಮುಂದಿನ ಐದು ದಿನ ಡಬ್ಬಗಳನ್ನು ಹಾಲ್‌ನೊಳಗೇ ಅಂಗೈ ಅಂಗೈಯಷ್ಟು ಸರಿಸುತ್ತ ಕಳೆದಳು. ಪ್ರತಿ ಜಾಗವನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ ಸ್ವರಕ್ಕೆ ಸ್ವರ ಬರೆದಿಟ್ಟಳು. ಇಪ್ಪತ್ತಾರು ಗುರುತಾದವು. ಯಾವುದರಲ್ಲೂ ಎರಡನೆಯ ಸ್ವರ ನೆಟ್ಟಗಾಗಲಿಲ್ಲ.

"ಬಿಟ್ಟುಬಿಡು," ಎಂದ ಬಡಗಿ. ಈ ಸಲ ದನಿ ಮೆತ್ತಗಿತ್ತು.

"ಇನ್ನೂ ನಾಲ್ಕು ದಿನ ಇದೆ."

ಹನ್ನೊಂದನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆಕೆ ಕೆಲಸದ ಕೋಣೆಗೆ ಹೋದಳು. ಗೋಡೆಗೆ ಅಂಟಿಸಿದ್ದ ಹಾರ್ನ್‌ನ ನಕ್ಷೆಯನ್ನು ವರ್ಷಗಟ್ಟಲೆ ನೋಡಿದ್ದಳು, ಓದಿರಲಿಲ್ಲ.

"ರೀ, ಇದರಲ್ಲಿ ಸದ್ದು ಹುಟ್ಟೋದು ಎಲ್ಲಿ?"

ಬಡಗಿ ಖುಷಿಯಿಂದ ಪೆನ್ಸಿಲ್ ತುದಿ ಇಟ್ಟು ತೋರಿಸಿದ. "ಇಲ್ಲಿ, ಹಿಂದೆ, ಒಳಗೆ. ಇಲ್ಲಿಂದ ಮೇಲೆ ಹೋಗಿ, ಮಡಚಿ, ಕೆಳಗೆ ಬಂದು ಬಾಯಿ ಮುಟ್ಟೋಕೆ ಎರಡು ಮೀಟರು ನಲವತ್ತು ಸೆಂಟಿಮೀಟರು. ಒಂದು ನೂಲೂ ಹೆಚ್ಚುಕಮ್ಮಿ ಇಲ್ಲ."

ಆಕೆ ಲೋಟ ಬೆಂಚಿನ ಮೇಲಿಟ್ಟಳು. ಹಾರ್ನ್‌ನ ಸದ್ದು ಹಿಂದಿನ ಸಾಲಿನಲ್ಲಿ ಹುಟ್ಟುತ್ತದೆ. ಡಬ್ಬಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಾರ್ನ್ ಕಟ್ಟಿದವನೇ, ಸದ್ದು ಬಾಯಲ್ಲೇ ಹುಟ್ಟುತ್ತದೆ ಎಂಬಂತೆ ಬಾಯಿಗೆ ಬಾಯಿ ಸೇರಿಸಿ ಅಳೆದಿದ್ದ. ಎರಡು ಮೀಟರು ನಲವತ್ತು ದಾಟಲು ಸದ್ದಿಗೆ ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಏಳು ಪಾಲು ಬೇಕು. ಹಾರ್ನ್ ಮತ್ತು ಡಬ್ಬ ಕೈಸೇರಿಸುವ ಎಪ್ಪತ್ತರ ಸುತ್ತಿನ ಆ ಎರಡನೆಯ ಸ್ವರದಲ್ಲಿ ಅರ್ಧ ಕಂಪನಕ್ಕೆ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಹಾರ್ನ್ ಗಾಳಿಯನ್ನು ನೂಕುವ ಹೊತ್ತಿಗೆ ಡಬ್ಬ ಎಳೆಯುತ್ತಿತ್ತು. ಎರಡೂ ಸೇರಿ ಸ್ವರವನ್ನು ಅಳಿಸಿಹಾಕುತ್ತಿದ್ದವು. ಡಬ್ಬ ಮುಂಚೆ ಬರುತ್ತಿತ್ತು. ಮುಂಚೆ ಬರುವುದೆಂದರೇನು ಎಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡನಿಗೆ ಏನೂ ಹೇಳದೆ ನಾದಿನಿಗೆ ಫೋನ್ ಮಾಡಿದಳು. "ಹದಿನಾಲ್ಕನೇ ದಿನ ಬೇಗ ಬಾ. ನಿನ್ನ ಅಳತೆ ಟೇಪು ತಗೊಂಡು ಬಾ."

ಆ ದಿನ ಬಡಗಿ ಸಂಜೆಯ ನಡಿಗೆಗೆ ಹೊರಟ ಕೂಡಲೇ ಇಬ್ಬರೂ ಟೊಂಕ ಕಟ್ಟಿದರು. ನಾದಿನಿ ಕುರ್ಚಿಯಿಂದ ಟೇಪು ಎಳೆದಳು. ಹಾರ್ನ್ ಬಾಯಿಗೆ ಮೂರು ಮೀಟರು. ಅಲ್ಲಿಂದ ಹಿಂದಕ್ಕೆ ಎರಡು ನಲವತ್ತು ಕೂಡಿಸಿದರೆ ಟೇಪಿನ ತುದಿ ಬಿದ್ದದ್ದು ಬೆಂಚಿನ ಕೆಳಗೆ, ಅಂಬೆಗಾಲಿಟ್ಟು ಕಂಡುಹಿಡಿದ ಅದೇ ಜಾಗದಲ್ಲಿ.

"ನಾನು ಅವತ್ತೇ ಕೂಗಿದ್ದೆ," ಎಂದಳು ನಾದಿನಿ.

"ಹೌದಮ್ಮ, ಕೂಗಿದ್ದೆ. ಈಗ ಎಳಿ."

ಹತ್ತೊಂಬತ್ತು ವರ್ಷದ ಮರದ ತುಂಡುಗಳು ಹಿತ್ತಲಿಗೆ ಹೋದವು. ಡಬ್ಬಗಳನ್ನು ಹಳೆಯ ಕಂಬಳಿಯ ಮೇಲೆ ಎಳೆದು ಬೆಂಚಿನ ಕೆಳಗೆ ಎರಡು ತುದಿಗೆ ಕೂರಿಸಿದರು. ಹಾರ್ನ್‌ಗಳ ಪಕ್ಕ ಖಾಲಿ ರಟ್ಟಿನ ಡಬ್ಬಗಳನ್ನಿಟ್ಟು ಬೆಡ್‌ಶೀಟ್ ಹೊದಿಸಿದರು. ಒಂದು ಸಲ ಹಾಕಿ ನೋಡಲೂ ಸಮಯ ಸಿಗಲಿಲ್ಲ. ಗೇಟಿನ ಸದ್ದಾಯಿತು.

ಬಡಗಿ ಒಳಗೆ ಬಂದವನೇ ಬೆಡ್‌ಶೀಟುಗಳನ್ನು ನೋಡಿದ. "ಇದೇನು, ಊದಿಕೊಂಡಿವೆ?"

"ಬಟ್ಟೆ ದಪ್ಪ ಅಣ್ಣ. ಕೂತ್ಕೋ," ಎಂದು ನಾದಿನಿ ಅಲ್ಲೇ ಟವೆಲಿನಿಂದ ಅವನ ಕಣ್ಣು ಕಟ್ಟಿದಳು.

ಆಕೆ ಮುದ್ರಿಕೆ ಹಾಕಿ ಗಂಡನ ಪಕ್ಕ ಕೂತಳು. ಹನ್ನೊಂದು ನಿಮಿಷ ಕಳೆಯಿತು. ಪಿಟೀಲುಗಳು ನಿಂತವು. ಮೊದಲ ಸ್ವರ ಬಂತು, ಉಬ್ಬಲಿಲ್ಲ. ಎರಡನೆಯದು ಬಂತು. ಬಡಗಿಯ ಬೆರಳು ಮೇಲೆದ್ದು ಎಡಗಡೆಯ ಬೆಡ್‌ಶೀಟಿನತ್ತ ಹೋಯಿತು, ಅರ್ಧಕ್ಕೆ ನಿಂತಿತು, ಬಲಕ್ಕೆ ತಿರುಗಿತು, ಮಡಿಲಿಗೆ ಬಿತ್ತು.

"ಇನ್ನೊಂದು ಸಲ."

ಮೂರು ಸಲ ಆಯಿತು. ಮೂರನೆಯ ಸಲ ಬಡಗಿ ತೊಡೆಗೆ ಹೊಡೆದುಕೊಂಡ. "ಮೋಸ! ಡಬ್ಬ ಆನ್ ಮಾಡಿಲ್ಲ ನೀವು. ಇದು ಹಾರ್ನ್‌ದೇ. ಪೂರ್ತಿ ಹಾರ್ನಿಂದಲೇ ಬರ್ತಿದೆ. ನಾನು ಹೇಳಿರಲಿಲ್ವಾ, ಮರ ಹದವಾಗೋಕೆ ಟೈಮ್ ಬೇಕು ಅಂತ?"

ಆಕೆ ನಾದಿನಿಗೆ ಸನ್ನೆ ಮಾಡಿದಳು. ನಾದಿನಿ ಕೆಲಸದ ಕೋಣೆಗೆ ಹೋಗಿ ಡಬ್ಬಗಳ ಸ್ವಿಚ್ ಆರಿಸಿದಳು. ಅದೇ ಜಾಗ ಮತ್ತೆ ಬಂತು: ಬಿಲ್ಲಿನ ಉಜ್ಜು, ಡಬ್ಬಿಯೊಳಗಿನ ನೊಣ.

"ಹಾಕಮ್ಮ," ಎಂದು ಬಡಗಿ ತಂಗಿಗೆ ಹೇಳಿದ. "ಇನ್ನೊಮ್ಮೆ ಹಾಕು. ಟವೆಲ್ ಇರಲಿ."

ಆರು ಬಾಸ್‌ಗಳು ಹಾಲ್‌ಗೆ ಮರಳಿದವು. ಒಂದು, ಎರಡು, ಮೂರು. ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿದ್ದ ಬಡಗಿಯ ಬೆರಳು ನಾಲ್ಕನೆಯದಕ್ಕೆ ತಡೆದು ನಿಂತಿತು. ನೂಲಿನಷ್ಟು ಹೆಚ್ಚುಕಮ್ಮಿಯನ್ನೂ ಬಿಡದ ಮನುಷ್ಯ.

"ಅವರಲ್ಲಿ ಒಬ್ರು ಮುಂಚೆ ಬಂದ್ರು ಕಣೇ. ಕೇಳಿಸ್ತಾ? ಇಷ್ಟೇ ಇಷ್ಟು. ಯಾರದು ಅದು?"

"ನಂದು," ಎಂದಳು ಆಕೆ.

ಬಡಗಿ ಟವೆಲ್ ಬಿಚ್ಚಿ ಹೆಂಡತಿಯನ್ನು ನೋಡಿದ. ಆಮೇಲೆ ಅವಳ ಹಿಂದಿನ ತೆರವಿನತ್ತ, ಬೆಂಚಿನತ್ತ ನೋಡಿದ.

"ನನ್ನ ಮರದ ತುಂಡುಗಳೆಲ್ಲಿ?"

"ಹಿತ್ತಲಲ್ಲಿ."

"ಮಳೆ ಬಂದ್ರೆ?"

"ಒಳಗೆ ತಂದಿಡೋಣ. ಬೆಂಚಿನ ಕೆಳಗೆ ಮಾತ್ರ ಜಾಗ ಇಲ್ಲ."

ಬಡಗಿ ಎದ್ದು ಎಡಗಡೆಯ ಬೆಡ್‌ಶೀಟ್ ಎಳೆದ, ಖಾಲಿ ರಟ್ಟಿನ ಡಬ್ಬವನ್ನು ನೋಡಿದ, ಅದನ್ನು ಮಡಚಿ ಚಪ್ಪಟೆ ಮಾಡಿ ಕಸದ ಪಕ್ಕ ಒರಗಿಸಿದ. ಇನ್ನೊಂದನ್ನೂ ಹಾಗೆಯೇ ಮಾಡಿದ. ಮರಳಿ ಬಂದು ಕೂತು, "ನಾಲ್ಕನೇದು," ಎಂದ. "ನಾಲ್ಕನೇದು ಇನ್ನೊಂದು ಸಲ ಕೇಳೋಣ."