ಖರ್ಚಿಲ್ಲದ ಟ್ರಿಪ್ಪು

ಶಶಿಕುಮಾರ ಮತ್ತೆ ಅವಳ ಕಿವಿಯ ಹತ್ತಿರ ಬಾಗಿದ. "ಅವ್ನು ಯಮದೂತ ಕಣ್ರೀ," ಎಂದ.

ವೇದಿಕೆಯ ಮೇಲೆ ನಿಂತವನಿಗೆ ಎರಡು ಕೋಡಿದ್ದವು, ಕೈಯಲ್ಲಿ ಹಗ್ಗವಿತ್ತು, ಮೈತುಂಬ ಕರಿ ಬಣ್ಣ. ಶಿವಕುಮಾರಿ ಸುಮ್ಮನೆ ತಲೆಯಾಡಿಸಿ ಕುರ್ಚಿಯಲ್ಲಿ ಆಚೆ ಸರಿದಳು. ಆಚೆ ಗೆಳತಿ ತೇಜಶ್ರೀಯ ಮೊಣಕೈ ಇತ್ತು. ಅದು ಅವಳನ್ನು ಮೆಲ್ಲಗೆ ಮತ್ತೆ ಶಶಿಕುಮಾರನ ಕಡೆಗೇ ತಳ್ಳಿತು.

ದೊಡ್ಡಬಳ್ಳಾಪುರದಿಂದ ಮೂವರು ಗೆಳತಿಯರು ಬೆಳಿಗ್ಗೆ ಬಂದಿಳಿದಿದ್ದರು. ತೇಜಶ್ರೀ ತಿಂಗಳಿಂದ ಅದೇ ಮಾತಾಡುತ್ತಿದ್ದಳು. "ಖರ್ಚೇ ಇಲ್ದಿರೋ ಟ್ರಿಪ್ಪು ಕಣ್ರೇ. ಬಸ್ಸು ಹೆಂಗೂ ಹೆಂಗಸ್ರಿಗೆ ಫ್ರೀ. ಉಳ್ಕೊಳಕ್ಕೆ ಚಾಮರಾಜಪೇಟೇಲಿ ನಮ್ ದೊಡ್ಡಮ್ಮನ ಮನೆ. ಬಸವನಗುಡೀಲಿ ನಾಟ್ಕ, ಆಮೇಲೆ ವಿ.ವಿ. ಪುರಂನಲ್ಲಿ ಸ್ವೀಟು. ಭಾನುವಾರ ಸಾಯಂಕಾಲ ವಾಪಸ್." ಮೋನಿಷಾ ಮೊದಲ ದಿನವೇ ಚೂಡಿದಾರ ಇಸ್ತ್ರಿಗೆ ಕೊಟ್ಟಿದ್ದಳು.

ಶಿವಕುಮಾರಿಗೆ ಬೇಕಿದ್ದದ್ದು ನಾಟಕ ಒಂದೇ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಲಿಗೆ ಅಂಗಡಿ ಸೇರಿದವಳು. ಕಾಲೇಜಿನ ಹುಡುಗರ ನಾಟಕಕ್ಕೆ ರಾಣಿಯ ಲಂಗ, ಸೈನಿಕರ ಅಂಗಿ ಎಲ್ಲ ಹೊಲಿದು ಕಳಿಸಿದ್ದಳೇ ಹೊರತು, ಅವನ್ನು ತೊಟ್ಟವರು ಏನು ಮಾಡುತ್ತಾರೆಂದು ನೋಡಿರಲಿಲ್ಲ. ರಾತ್ರಿ ಹೊರಗೆ ತಂಗುವುದಕ್ಕೆ ಅಮ್ಮ ಒಪ್ಪುವುದಿಲ್ಲವೆಂದು ಹೆದರಿ, ಹೇಳಬೇಕಾದದ್ದನ್ನೆಲ್ಲ ವಾರದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಯಾವುದೂ ಬೇಕಾಗಲಿಲ್ಲ. "ಹೋಗ್ ಬಾ," ಎಂದುಬಿಟ್ಟಿದ್ದಳು ಜಾನಕಮ್ಮ. "ಆ ಹಸಿರು ಸೀರೆ ಮರೀದೆ ಇಟ್ಕೋ." ಹುಟ್ಟಿದಾಗಿನಿಂದ ತನ್ನದು ಅಂತ ಸಿಕ್ಕಿದ ಮೊದಲ ಎರಡು ದಿನ ಎಂದುಕೊಂಡು ಶಿವಕುಮಾರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು.

ನಾಟಕದಲ್ಲಿ ಒಬ್ಬ ಮುದುಕಿ ಯಮದೂತನ ಜೊತೆ ಜಗಳಕ್ಕೆ ನಿಂತಿದ್ದಳು. ಅದೇ ನಟಿ ಸೆರಗನ್ನು ಬಿಗಿದು ಕಟ್ಟಿದರೆ ಸೊಸೆಯಾಗುತ್ತಿದ್ದಳು, ತಲೆಯ ಮೇಲೆ ಎಳೆದುಕೊಂಡರೆ ಮತ್ತೆ ಮುದುಕಿ. ಅದೇ ಒಂದು ಬಟ್ಟೆ. ಶಿವಕುಮಾರಿಯ ಬೆರಳುಗಳು ಮಡಿಲಲ್ಲಿ ತಮ್ಮಷ್ಟಕ್ಕೆ ಮಡಿಕೆ ಹಿಡಿಯುತ್ತಿದ್ದವು. ಪಕ್ಕದಲ್ಲಿ ಬೆಳಕೊಂದು ಮಿನುಗಿತು. ತೇಜಶ್ರೀಯ ದೊಡ್ಡಮ್ಮನ ಮಗನಾದ ಈ ಶಶಿಕುಮಾರ, ಮೊಬೈಲನ್ನು ಎದೆಯ ಹತ್ತಿರ ಓರೆಯಾಗಿ ಹಿಡಿದು ಏನೋ ಒತ್ತುತ್ತಿದ್ದ. ಟಿಕೆಟ್ಟು ತೆಗೆಸಿದವನು ಅವನೇ ಅಂತೆ. ಅದಕ್ಕಾಗಿ ಸಹಿಸಿಕೊಂಡಳು.

ಇಂಟರ್ವಲ್ಲಿನಲ್ಲಿ ಅವಳು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಅಮ್ಮನಿಗೆ ಫೋನು ಮಾಡಿದಳು. ಆ ಮುದುಕಿಯ ವಿಷಯ ಯಾರಿಗಾದರೂ ಹೇಳಬೇಕಾಗಿತ್ತು.

"ಅಮ್ಮಾ, ನಾಟ್ಕ..."

"ಅದಿರ್ಲಿ, ಹುಡ್ಗ ಹೆಂಗವ್ನೆ?"

"ಯಾವ ಹುಡ್ಗ?"

ಆ ಕಡೆ ಕುಕ್ಕರು ಕೂಗಿತು. "ತೇಜು ಇನ್ನೂ ಹೇಳಿಲ್ವಾ? ಅವ್ಳ ದೊಡ್ಡಮ್ಮ ಕಮಲಮ್ಮನ ಮಗ ಕಣೆ. ಸ್ವಂತ ಮನೆ ಐತೆ, ಮೇಲೆ ಬಾಡ್ಗೇಗ್ ಬೇರೆ ಕೊಟ್ಟವ್ರೆ. ಮುಖ ಸಿಂಡ್ರಿಸ್ಕೊಂಡ್ ಕೂತ್ಕೋಬ್ಯಾಡ. ಮೊದ್ಲೇ ಕೇಳಿದ್ರೆ ನೀನು ಬತ್ತಿದ್ಯಾ?"

"ಇಲ್ಲ."

"ಅದ್ಕೇ ಕೇಳ್ಲಿಲ್ಲ."

ಶಿವಕುಮಾರಿ ಫೋನಿಟ್ಟಳು. ಬೆಳಗಿನಿಂದ ನಡೆದದ್ದೆಲ್ಲ ತಿರುಗಿ ನಿಂತು ಅವಳ ಮುಖ ನೋಡಿತು. ಕಮಲಮ್ಮ ಅವಳನ್ನೇ ಬಟ್ಟೆ ತರಲು ತಾರಸಿಗೆ ಹತ್ತಿಸಿ ಇಳಿಸಿ ಮತ್ತೆ ಹತ್ತಿಸಿದ್ದು, ಕೆಳಗೆ ನಿಂತು ಕಾಲನ್ನೇ ನೋಡಿದ್ದು. "ಎಷ್ಟು ಉದ್ದ ಕೂದ್ಲಮ್ಮ!" ಅಂತ ಜಡೆ ಹಿಡಿದು ಮೆಲ್ಲಗೆ ಎಳೆದದ್ದು. ಅದು ಚೌರಿಯಲ್ಲ ಎಂದು ಖಾತ್ರಿ ಮಾಡಿಕೊಂಡದ್ದಿರಬೇಕು. ಊರಲ್ಲಾದರೆ ಗಂಡಿನ ಕಡೆಯವರು ಕಾರು ಮಾಡಿಕೊಂಡು ಹೆಣ್ಣಿನ ಮನೆಗೆ ಬರುತ್ತಾರೆ, ಹೆಣ್ಣಿನವರು ಉಪ್ಪಿಟ್ಟು ಕೇಸರಿಬಾತು ಮಾಡುತ್ತಾರೆ. ಎರಡು ಕಡೆಯವರೂ ಅದನ್ನು ಉಳಿಸಿದ್ದರು. ಫ್ರೀ ಬಸ್ಸಿನಲ್ಲಿ ಹುಡುಗಿಯನ್ನೇ ತರಿಸಿಕೊಂಡಿದ್ದರು.

ನಾಟಕ ಮುಂದುವರಿಯಿತು. ಮುದುಕಿ ಏನೋ ಹೇಳಿದಳು, ಜನ ನಕ್ಕರು, ಶಿವಕುಮಾರಿಗೆ ಒಂದು ಮಾತೂ ಒಳಗೆ ಹೋಗಲಿಲ್ಲ. ಅವಳಿಗೆ ಅತ್ಯಂತ ಸಿಟ್ಟು ಬಂದದ್ದು ಅದಕ್ಕೇ. ಶಶಿಕುಮಾರ ಬಾಯಿ ತೆರೆದು ನಿದ್ದೆ ಹೋಗಿದ್ದ.

ಆರು ಗಂಟೆಯ ಹೊತ್ತಿಗೆ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೋಳಿಗೆ ಅಂಗಡಿಯ ಮುಂದೆ ಕಮಲಮ್ಮ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು.

"ಅಯ್ಯೋ, ನೀವೂ ಇಲ್ಲಿಗೇ ಬಂದ್ರಾ?" ಎಂದಳು.

"ಅಯ್ಯೋ ದೊಡ್ಡಮ್ಮ, ನೀನಾ!" ಎಂದಳು ತೇಜಶ್ರೀ. ನಾಟಕದವರು ಇದಕ್ಕಿಂತ ಎಷ್ಟೋ ವಾಸಿ ಎನಿಸಿತು ಶಿವಕುಮಾರಿಗೆ.

ಕಮಲಮ್ಮ ಅವಳ ತೋಳು ಹಿಡಿದು ಮುಂದಕ್ಕೆ ಎಳೆದಳು. "ಕನ್ನಡ್ಕ ಮನೇಲೇ ಬಿಟ್ಬಂದೆ ನೋಡು. ಆ ಬೋರ್ಡ್‌ನಲ್ಲಿ ಏನೇನೈತೆ ಓದು ಮಗ." ಅವಳ ಕೈಚೀಲದ ಬಾಯಲ್ಲಿ ಕನ್ನಡಕದ ಡಬ್ಬಿ ಇಣುಕುತ್ತಿತ್ತು.

ಶಿವಕುಮಾರಿ ಓದಿದಳು. "ಬೇಳೆ ಹೋಳಿಗೆ. ಕಾಯಿ ಹೋಳಿಗೆ. ಖೋವಾ ಹೋಳಿಗೆ. ತುಪ್ಪ ಕೇಳಿ ಹಾಕಿಸಿಕೊಳ್ಳಿ. ತಟ್ಟೆಯಲ್ಲಿ ಕೈ ತೊಳೆಯಬೇಡಿ."

"ಚೆನ್ನಾಗಿ ಓದ್ತಾಳೆ," ಎಂದಳು ಕಮಲಮ್ಮ, ತೇಜಶ್ರೀಗೆ. ಅಂಗಡಿಯಲ್ಲಿ ಮಿಕ್ಸಿಗೆ ಪ್ಲಗ್ಗು ಹಾಕಿಸಿ ನೋಡಿದವರ ಸಮಾಧಾನ ಆ ದನಿಯಲ್ಲಿತ್ತು.

ಎಲ್ಲರ ಕೈಗೂ ಬಿಸಿ ಹೋಳಿಗೆ ಬಂತು. ಶಿವಕುಮಾರಿ ತನ್ನ ತಟ್ಟೆ ಹಿಡಿದುಕೊಂಡು, ತಗ್ಗಿದ ದನಿಯಲ್ಲೇ ಕೇಳಿದಳು. "ಮೆಟ್ಲು ಹತ್ತಿದ್ದಾಯ್ತು, ಜಡೆ ನೋಡಿದ್ದಾಯ್ತು, ಓದ್ಸಿದ್ದೂ ಆಯ್ತು. ಇನ್ನೇನಾದ್ರೂ ಬಾಕಿ ಐತಾ?"

ತೇಜಶ್ರೀ ನಕ್ಕಳು. "ಏನೇ ಶಿವು, ಏನೇನೋ ಮಾತಾಡ್ತಿದ್ದೀಯ?"

"ಅಮ್ಮ ಎಲ್ಲಾ ಹೇಳಿದ್ಲು."

"ನಂಗೆ ನಿನ್ನೇನೇ ಗೊತ್ತಾಗಿದ್ದು ಕಣೇ, ಆಣೆ," ಎಂದಳು ಮೋನಿಷಾ, ಬಾಯಿತುಂಬ ಹೋಳಿಗೆ ಇಟ್ಟುಕೊಂಡೇ.

ಶಶಿಕುಮಾರ ಬೆಚ್ಚಿದ. "ಏ ತೇಜು, ಇವ್ರಿಗೆ ಹೇಳಿರ್ಲಿಲ್ವಾ? ಎಲ್ಲಾ ಗೊತ್ತು, ನಾಚ್ಕೆ ಜಾಸ್ತಿ ಅಷ್ಟೇ ಅಂದ್ಯಲ್ಲ ನನ್ನತ್ರ? ಸಾರಿ ಕಣ್ರೀ, ನಿಮ್ಗೆ ಗೊತ್ತಿದೆ ಅಂತಾನೇ ನಾನು..."

"ಗೊತ್ತಿರೋಳ ಫೋಟೋನ ಕದ್ದು ಯಾಕ್ರೀ ತೆಗೀತಿದ್ರಿ?"

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ತಾಯಿಯ ಮುಖ ನೋಡಿದ. ಬೆಳಿಗ್ಗೆ "ಕಾಫೀನಾ, ಟೀನಾ?" ಎಂದು ಕೇಳಿದಾಗಲೂ ಅವನು ಮೊದಲು ತಾಯಿಯ ಮುಖವನ್ನೇ ನೋಡಿದ್ದ.

"ನಿನ್ ಒಳ್ಳೇದಕ್ಕೇ ಮಾಡಿದ್ದು ಕಣೇ," ಎಂದಳು ತೇಜಶ್ರೀ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿಗೋ ಅವಮಾನಕ್ಕೋ. "ಎಂಟನೇ ಕ್ಲಾಸು ಓದಿರೋಳ್ಗೆ ಇಂಥ ಸಂಬಂಧ ಇನ್ನೆಲ್ಲಿ ಸಿಗುತ್ತೆ?"

"ಸಿಗೋದೇ ಬ್ಯಾಡ." ಶಿವಕುಮಾರಿ ಕಮಲಮ್ಮನ ಕಡೆ ತಿರುಗಿದಳು. "ಹುಡ್ಗೀಗೆ ಒಪ್ಗೆ ಆಗ್ಲಿಲ್ಲಮ್ಮ. ಇದನ್ ತಿಂದು ಬಂದು ನನ್ ಬ್ಯಾಗ್ ತಗೊಂಡು ಹೋಗ್ತೀನಿ. ಮನೆಗೆ ಬೀಗ ಹಾಕ್ಬೇಡಿ."

"ಬೆಳಿಗ್ಗೆಯಿಂದ ಮೂಗಿ ಥರ ಇದ್ಲು! ಬಾಯಿ ನೋಡು ಇವ್ಳದು," ಎಂದಳು ಕಮಲಮ್ಮ. "ನಡ್ಯೋ ಶಶಿ." ಶಶಿಕುಮಾರ ತಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ತಾಯಿಯ ಹಿಂದೆ ಹೋದ. ತೇಜಶ್ರೀ ಅವರ ಹಿಂದೆ ಓಡಿದಳು. ಮೋನಿಷಾ ಎರಡು ಕಡೆಯೂ ನೋಡಿ, ಕೈ ಒರೆಸಿಕೊಂಡು, ಜನ ಹೆಚ್ಚಿದ್ದ ಕಡೆಗೆ ಹೋದಳು.

ಶಿವಕುಮಾರಿ ಅಂಗಡಿಯವನ ಕಡೆ ತಟ್ಟೆ ಚಾಚಿದಳು. "ಇನ್ನೊಂಚೂರು ತುಪ್ಪ ಹಾಕಿ." ತಟ್ಟೆಯನ್ನೂ ಫೋನನ್ನೂ ಕಟ್ಟೆಯ ಮೇಲಿಟ್ಟು, ಹೋಳಿಗೆಯನ್ನು ಎರಡೂ ಕೈಯಿಂದ ಹರಿದಳು.

ಫೋನು ಹೊಡೆದುಕೊಳ್ಳತೊಡಗಿತು. 'ಅಮ್ಮ' ಎಂಬ ಅಕ್ಷರ ಬೆಳಗಿತು, ಆರಿತು, ಮತ್ತೆ ಬೆಳಗಿತು.

"ಫೋನು ಬರ್ತಾ ಐತೆ ನೋಡಮ್ಮ," ಎಂದ ಅಂಗಡಿಯವನು, ಹೆಂಚಿನ ಮೇಲಿಂದ ತಲೆ ಎತ್ತದೆ.

"ಬರ್ಲಿ," ಎಂದಳು ಶಿವಕುಮಾರಿ. ತುಪ್ಪ ಬೆರಳಿನಿಂದ ಮುಂಗೈಗೆ ಇಳಿಯುತ್ತಿತ್ತು. ಹಸಿರು ಸೀರೆಗೆ ತಾಗದಂತೆ ಸ್ವಲ್ಪ ಮುಂದಕ್ಕೆ ಬಾಗಿ ತಿನ್ನತೊಡಗಿದಳು.