ಅಕ್ಕನ ಕಂಪ್ಯೂಟರಿನಲ್ಲಿ ಟಿಕ್ ಟಿಕ್

ನನ್ನ ಕಿವಿಯ ವಿಷಯ ನಮ್ಮ ಬೀದಿಯವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ. ಮೂರು ಬೀದಿ ಆಚೆ ಯಾರ ಮನೆಯದೋ ನಲ್ಲಿ ತೊಟ್ಟಿಕ್ಕಿದರೆ, ಅದು ಅಡುಗೆಮನೆಯದೋ ಬಚ್ಚಲಿನದೋ ಎಂದು ಮಲಗಿದಲ್ಲಿಂದಲೇ ಹೇಳಬಲ್ಲೆ. ಒಮ್ಮೆ ಇರುವೆಯೊಂದು ಕುಂಟುತ್ತಾ ಹೋಗುವ ಸದ್ದು ಕೇಳಿ, ಇದರ ಎಡಗಡೆಯ ನಡುಗಾಲಿಗೆ ಪೆಟ್ಟಾಗಿದೆ ಎಂದೆ. ಬಗ್ಗಿ ನೋಡಿದರೆ ಹಾಗೆಯೇ ಇತ್ತು. ನಂಬದಿದ್ದರೆ ಆ ಇರುವೆಯನ್ನೇ ಕೇಳಿ.

ಮೂರನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು ನಾನು. ಅಂದಿನಿಂದ ನೀರೆತ್ತುವ ಪಂಪಿನ ರಿಪೇರಿಯೇ ನನ್ನ ಓದು, ನನ್ನ ಬರಹ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದರೆ ಸಾಕು, ಒಳಗಿನ ಬೇರಿಂಗು ತನ್ನ ಕಷ್ಟಸುಖವನ್ನೆಲ್ಲ ತೋಡಿಕೊಳ್ಳುತ್ತದೆ.

ಇಂಥ ತಮ್ಮನಿದ್ದೂ ನನ್ನ ಅಕ್ಕ ಅವತ್ತು ಬೆಳಿಗ್ಗೆ ಮೊದಲು ಫೋನು ಮಾಡಿದ್ದು ಕಂಪ್ಯೂಟರ್ ರಿಪೇರಿಯವನಿಗೆ. ನನಗೆ ಎರಡನೆಯ ಫೋನು. ಬೇಜಾರಾಯಿತು. ಆದರೆ ಅವಳ ದನಿ ಕೇಳಿದ ಮೇಲೆ ಬೇಜಾರನ್ನು ಜೇಬಿಗೆ ಹಾಕಿಕೊಂಡೆ.

"ಬೇಗ ಬಾರೋ. ಕಂಪ್ಯೂಟರ್ ಒಳಗೆ ಏನೋ ಟಿಕ್ ಟಿಕ್ ಅಂತಿದೆ. ಡಿಸ್ಕ್ ಸಾಯ್ತಾ ಇದೆಯಂತೆ."

"ಸತ್ರೆ ಸಾಯ್ಲಿ ಬಿಡಕ್ಕ. ಹೊಸದು ಹಾಕ್ಸಿದ್ರಾಯ್ತು."

"ಮುಚ್ಚು ಬಾಯಿ! ನನ್ನ ಎಂಟು ವರ್ಷ ಅದ್ರೊಳಗಿದೆ ಕಣೋ."

ಅದು ನಿಜ. ಅಕ್ಕ ದರ್ಜಿ. ಅಂಗಡಿಯಲ್ಲಿ ತೂಗುಹಾಕಿದ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರೇ ಅವಳ ಗಿರಾಕಿಗಳು. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡವಾದವರು, ಗಾಲಿಕುರ್ಚಿಯಿಂದ ಏಳಲಾಗದವರು, ಆಪರೇಷನ್ನಿನಲ್ಲಿ ಎದೆಯ ಒಂದು ಮಗ್ಗುಲು ಕಳೆದುಕೊಂಡವರು. ಒಬ್ಬೊಬ್ಬರಿಗೂ ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ಕೊನೆಗೆ ಮೈಗೆ ಸರಿಯಾಗಿ ಕೂತ ಕಟಿಂಗನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಾಳೆ. ಮೊದಲು ಕಾಗದದಲ್ಲಿ ಇಡುತ್ತಿದ್ದಳು, ಗೆದ್ದಲು ತಿಂದಿತು. ಗೆದ್ದಲಿನ ಹಲ್ಲು ತಾಗದ ಜಾಗ ಎಂದು ಕಂಪ್ಯೂಟರ್ ತಂದಳು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅದು ಹೋಯಿತೆಂದರೆ ಮುನ್ನೂರು ಚಿಲ್ಲರೆ ಜನ ಇನ್ನೊಮ್ಮೆ ಬಂದು, ಪರದೆಯ ಹಿಂದೆ ನಿಂತು, ನಾಚಿಕೆ ನುಂಗಿಕೊಂಡು ಅಳತೆ ಕೊಡಬೇಕು. ಎಷ್ಟು ಜನ ಬಂದಾರು?

ನಾನು ಹೋದಾಗ ಅಕ್ಕ ಕಂಪ್ಯೂಟರಿನ ಪೆಟ್ಟಿಗೆಯ ಮುಂದೆ, ಜ್ವರ ಬಂದ ಮಗುವಿನ ಹತ್ತಿರ ಕೂತ ಹಾಗೆ ಕೂತಿದ್ದಳು. ಕಟಿಂಗ್ ಮೇಜಿನ ಮೇಲೆ ಅರ್ಧ ಕತ್ತರಿಸಿದ ಬಟ್ಟೆ, ಅದರ ಮೇಲೆ ಬಾಯಿ ತೆರೆದ ಕತ್ತರಿ. ಮೂಲೆಯಲ್ಲಿ ಅವಳ ಅತ್ತೆ ತಲೆ ಬಗ್ಗಿಸಿಕೊಂಡು ಮಿಷನ್ನು ತುಳಿಯುತ್ತಿದ್ದರು. ಅಕ್ಕನಿಗೆ ಹೊಲಿಗೆ ಕಲಿಸಿದವರು ಅವರೇ. ನಲವತ್ತು ವರ್ಷದ ಕೈ. ಅಕ್ಕ ಕರೆಯುವ ಹಾಗೆ ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ.

"ಆನ್ ಮಾಡು, ಕೇಳ್ತೀನಿ" ಎಂದೆ.

"ಮಾಡೋ ಹಾಗಿಲ್ಲ. ಪ್ರತಿ ಸಲ ಆನ್ ಮಾಡಿದಾಗ್ಲೂ ಸಾವಿಗೆ ಒಂದು ಹೆಜ್ಜೆ ಹತ್ರ ಅಂದಿದಾನೆ ರಿಪೇರಿಯವನು."

"ಆನ್ ಮಾಡ್ದಿದ್ರೆ ಸದ್ದು ಬರಲ್ಲ, ಮಾಡಿದ್ರೆ ಸಾಯುತ್ತೆ. ಇದೆಂಥ ರೋಗ! ಕೊಡಿಲ್ಲಿ ಫೋನು."

ರಿಪೇರಿಯವನು ಫೋನೆತ್ತಿದ. "ಅಣ್ಣಾ, ನಾಲ್ಕು ಗಂಟೆಗೆ ನಾನೇ ಬರ್ತೀನಿ. ಅಲ್ಲಿವರೆಗೆ ಮುಟ್ಬೇಡಿ."

"ಅದು ಡಿಸ್ಕೇ ಅಂತ ನಿಂಗೆ ಹೇಗಪ್ಪ ಗೊತ್ತಾಯ್ತು? ಬಂದು ಕೇಳಿದ್ಯಾ?"

"ಇಲ್ಲ, ಮೇಡಂ ಫೋನಲ್ಲಿ ಟಿಕ್ ಟಿಕ್ ಅಂತ ಮಾಡಿ ತೋರಿಸಿದ್ರು."

"ನಮ್ಮಕ್ಕನ ನಾಲಿಗೆ ಸದ್ದು ಕೇಳಿ ಡೆತ್ ಸರ್ಟಿಫಿಕೇಟ್ ಬರೆದ್ಬಿಟ್ಯಾ?"

"ಸರಿ ಅಣ್ಣಾ, ಒಂದೇ ನಿಮಿಷ ಆನ್ ಮಾಡಿ. ಡಿಸ್ಕ್ ಇರೋದು ಮುಂದ್ಗಡೆ, ಕೆಳಗೆ. ಸದ್ದು ಅಲ್ಲಿಂದ ಬಂದ್ರೆ ತಕ್ಷಣ ಆಫ್ ಮಾಡ್ಬಿಡಿ. ಬೇರೆ ಕಡೆಯಿಂದ ಬಂದ್ರೆ ನೀವು ಉಳ್ಕೊಂಡ್ರಿ" ಎಂದ.

ಅಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಇಟ್ಟಳು. "ನೋಡು, ಇದು ನಿನ್ನ ಇರುವೆ ಕತೆ ಅಲ್ಲ. ಕೇಳಿಸಿದ್ದನ್ನ ಕೇಳಿಸಿದ ಹಾಗೆ ಹೇಳ್ಬೇಕು. ಒಂದು ಸುಳ್ಳು ಸೇರಿಸಿದ್ರೂ ನಾಲಿಗೆಗೆ ಕಾಜಾ ಹೊಲೀತೀನಿ."

ನಾನು ಸೀಲಿಂಗ್ ಫ್ಯಾನು ನಿಲ್ಲಿಸಿದೆ. ಗೋಡೆಯ ಗಡಿಯಾರದ ಬ್ಯಾಟರಿ ತೆಗೆದೆ. ಬಾಗಿಲು ಹಾಕಿದೆ.

"ಅತ್ತೆ, ಒಂಚೂರು ಮಿಷನ್ ನಿಲ್ಸಿ."

"ನನ್ನ ಮಿಷನ್ನು ಟಿಕ್ ಟಿಕ್ ಅನ್ನಲ್ಲಪ್ಪ, ಕಟಕಟ ಅನ್ನುತ್ತೆ" ಎಂದರು, ಆದರೂ ಕಾಲು ತೆಗೆದರು.

ಅಕ್ಕ ಸ್ವಿಚ್ ಒತ್ತಿದಳು. ಪೆಟ್ಟಿಗೆ ಗುಂಯ್ ಎಂದಿತು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಏನೂ ಇಲ್ಲ. ಗುಣವಾಯಿತೇನೋ ಎಂದು ಬಾಯಿ ತೆರೆಯುವಷ್ಟರಲ್ಲಿ ಶುರುವಾಯಿತು ನೋಡಿ: ಟಿಕ್, ಟಿಕ್, ಟಿಕ್ ಟಿಕ್ ಟಿಕ್. ಅಕ್ಕ ನನ್ನ ಭುಜ ಹಿಡಿದಳು. ಉಗುರಿನ ಗುರುತು ಇವತ್ತಿಗೂ ಇದೆ, ಬೇಕಾದರೆ ಅಂಗಿ ತೆಗೆದು ತೋರಿಸುತ್ತೇನೆ.

ಸ್ಕ್ರೂಡ್ರೈವರಿನ ತುದಿಯನ್ನು ಮುಂದುಗಡೆ, ಕೆಳಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ನಿಜ ಹೇಳುತ್ತೇನೆ, ಅಷ್ಟು ಹೆದರಿ ನಾನು ಯಾವ ಯಂತ್ರಕ್ಕೂ ಕಿವಿ ಕೊಟ್ಟವನಲ್ಲ. ಒಳಗೆ ಒಂದೇ ಸಮನೆ ಗುಂಯ್‌ಗುಡುವ ಸದ್ದು, ಊಟವಾದ ಮೇಲೆ ಮಲಗಿದವರ ಉಸಿರಿನ ಹಾಗೆ. ಟಿಕ್ ಅಲ್ಲಿ ಸಣ್ಣದಾಗಿ ಕೇಳುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ. ತುದಿಯನ್ನು ಹಿಂದಕ್ಕೆ ಸರಿಸುತ್ತಾ ಹೋದೆ. ಮೊಳೆ ಹತ್ತಿರ ಬಂತು. ಹಿಂಬದಿಯಲ್ಲಿ ಮೇಲಕ್ಕೆ, ಗಾಳಿ ಹೊರಗೆ ಬರುವ ಜಾಲರಿಯ ಪಕ್ಕ ಒತ್ತಿದೆ. ಟಿಕ್ ಎನ್ನುವುದು ನೇರ ತಲೆಬುರುಡೆಗೇ ಬಡಿಯಿತು.

"ಡಿಸ್ಕ್ ಅಲ್ಲಕ್ಕ! ಹಿಂದ್ಗಡೆ ಇದೆ!"

"ನಿಜಾನಾ?"

"ನನ್ನಾಣೆ!"

"ನಿನ್ನ ಆಣೆ ಯಾರಿಗೋ ಬೇಕು!" ಸ್ಕ್ರೂಡ್ರೈವರನ್ನು ಕಿತ್ತುಕೊಂಡು ಮಂಡಿಯೂರಿದಳು. ಮುಂದೆ ಒತ್ತಿ ಕೇಳಿದಳು. ಹಿಂದೆ ಒತ್ತಿ ಕೇಳಿದಳು. ಇನ್ನೊಮ್ಮೆ ಮುಂದೆ. ಆಮೇಲೆ ಸ್ವಿಚ್ ಆರಿಸಿ, ನೆಲದ ಮೇಲೆ ಹಾಗೆಯೇ ಕಾಲು ಚಾಚಿ ಕೂತು, ಬೆಳಿಗ್ಗೆಯಿಂದ ಒಳಗೇ ಇಟ್ಟುಕೊಂಡಿದ್ದ ಉಸಿರನ್ನೆಲ್ಲ ಒಂದೇ ಸಲ ಬಿಟ್ಟಳು. ಮೇಜಿನ ಮೇಲಿದ್ದ ಬಟ್ಟೆಯ ಚೂರುಗಳು ಹಾರಿ ಗೋಡೆಗೆ ಅಂಟಿದವು.

"ಹುಟ್ಟಿದಾಗಿನಿಂದ ಮೊದಲ್ನೇ ಸಲ ನಿಜ ಹೇಳಿದೀಯ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ವೈರು ಕಿತ್ತು, ಕೈಯಿಂದಲೇ ತಿರುಗಿಸುವ ಎರಡು ಸ್ಕ್ರೂ ಬಿಚ್ಚಿ, ಮುಚ್ಚಳ ಸರಿಸಿದೆ. ಇಬ್ಬರೂ ಬಗ್ಗಿದೆವು. ಹಿಂದಿನ ಫ್ಯಾನಿನ ಮುಖದ ಮೇಲೆ ಬಿಳಿಯ ಬಲೆಬಟ್ಟೆ. ಸುತ್ತಲೂ ಎಲಾಸ್ಟಿಕ್ಕು, ಅಂಚಿಗೆ ಎರಡು ಸಾಲು ಹೊಲಿಗೆ. ಅಳತೆಯೆಂದರೆ ಅಳತೆ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ.

ದರ್ಜಿಗೆ ಹೊಲಿಗೆ ತೋರಿಸಿದರೆ ಕೈಬರಹ ತೋರಿಸಿದ ಹಾಗೆ. ಅಕ್ಕ ನಿಧಾನವಾಗಿ ತಿರುಗಿದಳು. "ಅತ್ತೇ..."

ಅತ್ತೆ ಕಳೆದೇ ಹೋಗದ ಸೂಜಿಯನ್ನು ಹುಡುಕುತ್ತಿದ್ದರು.

"ಅತ್ತೆ, ಇದು ನಿಮ್ಮ ಕೈ."

"ಹೂಂ, ನಂದೇ. ಏನೀಗ?" ಅತ್ತೆ ತಲೆಯೆತ್ತಿದರು. "ಹೋದ ತಿಂಗಳು ಆ ರಿಪೇರಿಯವನು ಇದರ ಹೊಟ್ಟೆಯಿಂದ ಹಿಡಿ ಹಿಡಿ ನೂಲಿನ ಧೂಳು ತೆಗೆದ. 'ಅಜ್ಜೀ, ನಿಮ್ಮ ಬಟ್ಟೆ ಧೂಳೇ ಇದನ್ನ ಒಂದಿನ ಕೊಲ್ಲೋದು' ಅಂದ. ನೀನು ಅಷ್ಟು ಕಷ್ಟಪಟ್ಟು ಬರೆದದ್ದು ನಮ್ಮ ಧೂಳಿಗೆ ಸಾಯ್ಬೇಕಾ? ಮೊನ್ನೆ ನೀನು ಬಟ್ಟೆ ತರೋಕೆ ಹೋಗಿದ್ದೆಯಲ್ಲ, ಆಗ ಅವನು ಬಿಚ್ಚಿದ ಹಾಗೇ ಮುಚ್ಚಳ ಬಿಚ್ಚಿ, ಟೇಪು ಹಿಡಿದು ಅಳತೆ ತಗೊಂಡೆ. ಒಂದು ಅಂಗಿ ಹೊಲಿದು ತೊಡಿಸ್ದೆ."

"ಬೆಳಿಗ್ಗೆಯಿಂದ ನಾನು ಸಾಯ್ತಾ ಇದೀನಿ. ಒಂದು ಮಾತು ಹೇಳ್ಬಾರ್ದಿತ್ತಾ?"

"ಸದ್ದು ಅಂದ್ರೆ ನನ್ನ ಅಂಗಿ ಮೇಲೆ ನಾನ್ಯಾಕೆ ಅನುಮಾನ ಪಡ್ಲಿ? ನಲವತ್ತು ವರ್ಷದಲ್ಲಿ ನಾನು ಹೊಲಿದ ಬಟ್ಟೆ ಒಂದೂ ಸದ್ದು ಮಾಡಿಲ್ಲ."

ನಾನು ಎಲಾಸ್ಟಿಕ್ ಎಳೆದು ಬಲೆಯನ್ನು ಮಗುಚಿದೆ. ಒಳಮಗ್ಗುಲಲ್ಲಿ, ಅಂಚಿನಿಂದ ಎರಡು ಬೆರಳುದ್ದದ ದಾರದಲ್ಲಿ, ಒಂದು ಶರ್ಟಿನ ಗುಂಡಿ ಜೋತಾಡುತ್ತಿತ್ತು. ಫ್ಯಾನು ಜೋರಾದಾಗ ಗಾಳಿ ಅದನ್ನು ಒಳಗೆಳೆದುಕೊಂಡು ರೆಕ್ಕೆಗೆ ಬಡಿಸುತ್ತಿತ್ತು. ಅತ್ತೆಯದು ಹಳೆಯ ಪದ್ಧತಿ. ಯಾರದೇ ಬಟ್ಟೆಯಾಗಲಿ, ಗುಂಡಿ ಕಿತ್ತುಹೋದರೆ ಇರಲಿ ಎಂದು ಒಳಗಿನ ಅಂಚಿಗೆ ಒಂದು ಹೆಚ್ಚಿನ ಗುಂಡಿ ಕಟ್ಟಿಯೇ ಕೊಡುವುದು.

"ಅತ್ತೆ" ಎಂದೆ, "ಇದು ಎಲಾಸ್ಟಿಕ್ಕಿನ ಅಂಗಿ. ಇದಕ್ಕೆ ಗುಂಡಿಯೇ ಇಲ್ಲವಲ್ಲ!"

"ಗುಂಡಿ ಇಲ್ಲ, ಒಪ್ಕೋತೀನಿ. ಆದ್ರೆ ಹೆಚ್ಚಿನ ಗುಂಡಿ ಇಲ್ದೆ ನನ್ನ ಕೈಯಿಂದ ಒಂದು ಬಟ್ಟೇನೂ ಆಚೆ ಹೋಗಲ್ಲ."

ಅಕ್ಕ ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ಬಾಯಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು. ನಗುತ್ತಾ ಅತ್ತೆಯ ಮಡಿಲಿಗೆ ತಲೆ ಹಾಕಿದಳು. ಅತ್ತೆ ಅವಳ ಬೆನ್ನಿಗೆ ಹುಸಿಯಾಗಿ ಒಂದು ಗುದ್ದು ಗುದ್ದಿದರು, "ಏಳು, ಸೂಜಿ ಚುಚ್ಚೀತು."

ಅಂಗಿ ಕಳಚಿ, ಮುಚ್ಚಳ ಹಾಕಿ, ಆನ್ ಮಾಡಿದೆವು. ಅರ್ಧ ಗಂಟೆ ಕಾದೆವು. ಟಿಕ್ ಇಲ್ಲ, ಟಕ್ ಇಲ್ಲ. ಅಕ್ಕ ಒಂದೊಂದೇ ಕಟಿಂಗ್ ತೆರೆದು ನೋಡಿದಳು. ಯಾರಿಗೂ ಗೊತ್ತಾಗದಿರಲಿ ಎಂದು ಹೆಸರು ಬರೆಯದೆ ಅಡ್ಡಹೆಸರಿನಲ್ಲೇ ಇಟ್ಟಿದ್ದಳು. "ಬಾಗಿದ ಬಸ್ ಡ್ರೈವರು ಇದಾರೆ" ಎಂದಳು. "ಗಾಲಿಕುರ್ಚಿ ಟೀಚರ್ರು ಇದಾರೆ. ನಗೋ ಅಜ್ಜ ಇದಾರೆ." ಹಾಜರಿ ಕೂಗಿದ ಹಾಗೆ ಎಲ್ಲರೂ ಬಂದರು.

ನಾಲ್ಕಕ್ಕೆ ರಿಪೇರಿಯವನು ಬಂದ. ಅಕ್ಕ ಅವನನ್ನು ಕೂರಲೂ ಬಿಡದೆ, ತಂದಿದ್ದ ಹೊಸ ಡಿಸ್ಕಿಗೆ ಎಲ್ಲವನ್ನೂ ನಕಲು ಹಾಕಿಸಿದಳು. ಅವನು ಬಲೆಯನ್ನು ಹಿಡಿದು ನೋಡಿ, "ಅಜ್ಜೀ, ಧೂಳು ತಡೆಯೋ ಬಲೆ ಅಂಗಡೀಲೇ ಸಿಗುತ್ತೆ. ಅದನ್ನ ಮುಂದ್ಗಡೆ ಹಾಕ್ಬೇಕು" ಎಂದ.

"ಅದಕ್ಕೆ ಅಂಚು ಹೊಲಿದಿರ್ತಾರಾ?"

"ಇಲ್ಲ."

"ಮತ್ತೆ!" ಎಂದು ಅತ್ತೆ ಅವನನ್ನೇ ದಿಟ್ಟಿಸಿದರು. "ಅಲ್ಲಾ, ನಿನ್ನ ಬಲಭುಜ ಒಂದು ಬೆರಳು ಇಳಿದಿದೆ."

"ಬ್ಯಾಗ್ ಹೊತ್ತೂ ಹೊತ್ತೂ ಹಾಗಾಗಿದೆ ಅಜ್ಜೀ. ಯಾವ ಶರ್ಟ್ ಹಾಕಿದ್ರೂ ಕಾಲರ್ ಒಂದ್ಕಡೆ ಓಡುತ್ತೆ."

ಅಕ್ಕ ಆಗಲೇ ಕೊರಳಿನಿಂದ ಟೇಪು ತೆಗೆದಿದ್ದಳು. ಅವನನ್ನು ಪರದೆಯ ಹಿಂದೆ ಕೈ ಎತ್ತಿಸಿ ನಿಲ್ಲಿಸಿ, ಅಳತೆ ತೆಗೆದು, ಬಂದು ಕೂತು ಬರೆದಳು. ಮೇಲೆ 'ಸುಮ್ಮನೆ ಹೆದರಿಸಿದವನು' ಎಂದು ಹಾಕಿ, ಒಮ್ಮೆ ಹಳೆಯ ಡಿಸ್ಕಿನಲ್ಲಿ, ಒಮ್ಮೆ ಹೊಸದರಲ್ಲಿ ಉಳಿಸಿದಳು.

"ಮೇಡಂ, ಕೈ ಇಳಿಸ್ಬಹುದಾ?" ಪರದೆಯ ಹಿಂದಿನಿಂದ ಕೇಳಿದ.

"ಇರಪ್ಪ ಸ್ವಲ್ಪ" ಎಂದಳು ಅಕ್ಕ, "ಎರಡೂ ಕಡೆ ಬಂತಾ ಅಂತ ನೋಡ್ಕೋತೀನಿ."